ಅಂಕಕ್ಕಾಗಿ ಕುಳಿತ ಧ್ಯಾನ

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರೊಬ್ಬರ ಕಥೆಯಿದು. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರನ್ನು ಶ್ರೀಧರ ಎನ್ನೋಣ. ವಯಸ್ಸು ನಲವತ್ತೈದರ ಆಸುಪಾಸು, ಲೆಕ್ಕಪತ್ರ ನೋಡುವ ಕೆಲಸ. ಮೊದಲ ಭೇಟಿಗೆ ಬಂದಾಗ ಕೈಯಲ್ಲೊಂದು ನೋಟ್‌ಪುಸ್ತಕವಿತ್ತು. ಪುಟ ಪುಟಕ್ಕೂ ಸ್ಕೇಲ್ ಹಿಡಿದು ಎಳೆದ ಗೆರೆಗಳು: ದಿನಾಂಕ, ಕುಳಿತ ನಿಮಿಷ, ‘ಶಾಂತಿಯ ಅಂಕ’. ಎಪ್ಪತ್ತಕ್ಕಿಂತ ಕಡಿಮೆ ಬಂದ ದಿನಕ್ಕೆ ಕೆಂಪು ಶಾಯಿ. ಕೊನೆಯ ಎರಡು ಪುಟಗಳು ಪೂರ್ತಿ ಕೆಂಪು.

“ಮೇಡಂ, ನನ್ನ ಮೆದುಳು ಶಾಂತವಾಗುತ್ತಲೇ ಇಲ್ಲ. ಒಳಗೇನೋ ಕೆಟ್ಟಿದೆ” ಎಂದರು.

ಹಣೆಗೆ ಕಟ್ಟಿಕೊಳ್ಳುವ ಪಟ್ಟಿಯೊಂದನ್ನು ಅವರು ಐದು ತಿಂಗಳ ಹಿಂದೆ ಕೊಂಡಿದ್ದರು. ಅದು ಮೆದುಳಿನ ವಿದ್ಯುತ್ ಅಲೆಗಳನ್ನು ಹಿಡಿದು ಮೊಬೈಲ್‌ಗೆ ಅಂಕ ಕಳುಹಿಸುತ್ತದೆ. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ನಲವತ್ತು ನಿಮಿಷ ತಪ್ಪದೆ ಧ್ಯಾನ. ಆದರೆ ಕತ್ತು ಬಿಗಿ, ನಸುಕಿನ ನಾಲ್ಕಕ್ಕೆ ಎದೆ ಡವಡವ ಎಂದು ಎಚ್ಚರ. ಧ್ಯಾನ ಶುರು ಮಾಡಿದ ಮೇಲೆಯೇ ಇದು ಹೆಚ್ಚಾಗಿತ್ತು.

ಮೊದಲು ವೈದ್ಯರ ಬಳಿ ಕಳುಹಿಸಿದೆ. ಎದೆಬಡಿತವನ್ನೆಲ್ಲ ಮನಸ್ಸಿನ ಖಾತೆಗೆ ಬರೆಯುವುದು ನಮ್ಮ ವೃತ್ತಿಯವರ ಕೆಟ್ಟ ಚಾಳಿ. ಥೈರಾಯ್ಡ್ ತೊಂದರೆಯಿಂದಲೂ ಹೀಗಾಗುತ್ತದೆ. ರಕ್ತದೊತ್ತಡ ತುಸು ಹೆಚ್ಚಿತ್ತು, ಉಳಿದದ್ದೆಲ್ಲ ಸರಿಯಿತ್ತು.

ಎರಡನೆಯ ಭೇಟಿಗೆ ಆ ಪಟ್ಟಿಯನ್ನು ತರಲು ಹೇಳಿದೆ. ಕಟ್ಟಿಕೊಂಡು ಕಣ್ಣು ಮುಚ್ಚಿದರು. ಪರದೆಯ ಮೇಲೆ ಗೆರೆ ನಯವಾಗಿ ಓಡುತ್ತಿತ್ತು. “ಈಗ ಹಲ್ಲು ಕಚ್ಚಿ” ಎಂದೆ. ಗೆರೆ ಹುಚ್ಚೆದ್ದು ಕುಣಿಯಿತು. ತಲೆಯ ಚರ್ಮದ ಮೇಲೆ ಸಿಗುವ ಮೆದುಳಿನ ಸಂಕೇತ ಹತ್ತಾರು ಮೈಕ್ರೋವೋಲ್ಟ್‌ಗಳಷ್ಟು ಮಾತ್ರ; ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದ ಒಂದು ಪಾಲು. ದವಡೆಯ ಸ್ನಾಯು ಬಿಗಿದರೆ, ರೆಪ್ಪೆ ಬಡಿದರೆ ಹೊಮ್ಮುವ ವಿದ್ಯುತ್ತು ಅದನ್ನು ನುಂಗಿಹಾಕುತ್ತದೆ. ಇವರೋ ಒಳ್ಳೆಯ ಅಂಕ ಬರಲೆಂದು ಹಲ್ಲು ಕಚ್ಚಿಯೇ ಕುಳಿತುಕೊಳ್ಳುತ್ತಿದ್ದವರು!

ಆಮೇಲೆ ನಾನು ಕಟ್ಟಿಕೊಂಡೆ. ಕಣ್ಣು ಮುಚ್ಚಿ, ಬಾಕಿ ಉಳಿದಿದ್ದ ವಿದ್ಯುತ್ ಬಿಲ್ಲಿನ ಬಗ್ಗೆ ಯೋಚಿಸುತ್ತ ಕುಳಿತೆ. ಅಂಕ ಎಂಬತ್ತೆರಡು. ಶ್ರೀಧರ ಅಂದು ಮೊದಲ ಬಾರಿ ನಕ್ಕರು.

ಇದರಲ್ಲಿ ಪವಾಡವಿಲ್ಲ. ಮನುಷ್ಯನ ಇಇಜಿಯನ್ನು, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು, ಮೊದಲು ದಾಖಲಿಸಿದ ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಅದನ್ನು ಪ್ರಕಟಿಸಿದರು. ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆ ಕಣ್ಣು ಮುಚ್ಚಿದರೆ ಹೆಚ್ಚುತ್ತದೆ, ತೆರೆದರೆ ತಗ್ಗುತ್ತದೆ ಎಂಬುದು ಆಗಿನಿಂದಲೂ ಗೊತ್ತಿರುವ ಸಂಗತಿ. ಧ್ಯಾನದಲ್ಲೂ ಆಲ್ಫಾ, ಇನ್ನೂ ನಿಧಾನದ ಥೀಟಾ ಅಲೆಗಳು ಹೆಚ್ಚುವುದನ್ನು ಹಲವು ಅಧ್ಯಯನಗಳು ಕಂಡಿವೆ, ನಿಜ. ಹಾಗೆಂದು ಆಲ್ಫಾ ಧ್ಯಾನಕ್ಕೆ ಸಿಕ್ಕ ಪ್ರಮಾಣಪತ್ರವಲ್ಲ.

ಅವರ ತಲೆಯಲ್ಲಿದ್ದ ಇನ್ನೊಂದು ಕಲ್ಪನೆ ಹೆಚ್ಚು ತೊಂದರೆಯದು: ಶಾಂತಿ ಎಂದರೆ ಮೆದುಳು ಕೆಲಸ ನಿಲ್ಲಿಸುವುದು. ದೇಹದ ತೂಕದಲ್ಲಿ ಶೇಕಡಾ ಎರಡರಷ್ಟಿರುವ ಮೆದುಳು, ನಾವು ಸುಮ್ಮನೆ ಬಿದ್ದುಕೊಂಡಿದ್ದಾಗಲೂ ದೇಹ ಬಳಸುವ ಶಕ್ತಿಯ ಐದನೆಯ ಒಂದು ಪಾಲನ್ನು ತಾನೇ ಬಳಸುತ್ತದೆ. ಕೈಯಲ್ಲಿ ಕೆಲಸವಿಲ್ಲದಾಗ ಚುರುಕಾಗುವ ಜಾಲವೊಂದು ಅದರಲ್ಲಿದೆ. 2001ರಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಅದನ್ನು ಗುರುತಿಸಿ ವಿವರಿಸಿದರು. ನಿನ್ನೆಯ ಮಾತನ್ನು ಮೆಲುಕು ಹಾಕುವುದು, ನಾಳೆಯ ಚಿಂತೆ, ‘ನಾನು’ ‘ನನ್ನದು’ ಎಂಬ ಗೊಣಗಾಟ, ಎಲ್ಲದರಲ್ಲೂ ಅದರ ಕೈವಾಡವಿದೆ. ವರ್ಷಗಟ್ಟಲೆ ಧ್ಯಾನ ಮಾಡಿದವರಲ್ಲಿ ಧ್ಯಾನದ ಹೊತ್ತಿಗೆ ಈ ಜಾಲದ ಮುಖ್ಯ ಭಾಗಗಳ ಚಟುವಟಿಕೆ ಕಡಿಮೆ ಇರುವುದು 2011ರ ಒಂದು ಅಧ್ಯಯನದಲ್ಲಿ ಕಂಡಿತು. ಕಡಿಮೆಯಾಗುವುದೇ ಬೇರೆ, ನಿಂತುಹೋಗುವುದೇ ಬೇರೆ.

“ಎಂಟು ವಾರದಲ್ಲಿ ಮೆದುಳಿನ ರಚನೆಯೇ ಬದಲಾಗುತ್ತದಂತಲ್ಲ?” ಎಂದೂ ಕೇಳಿದರು. ಸಣ್ಣ ಗುಂಪುಗಳ ಮೇಲೆ ನಡೆದ ಮೊದಲ ಅಧ್ಯಯನಗಳು ಹಾಗೆ ಹೇಳಿದ್ದುಂಟು. ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಇಟ್ಟುಕೊಂಡು ನಡೆಸಿ, 2022ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆ ಬದಲಾವಣೆ ಸಿಗಲಿಲ್ಲ. ಇದನ್ನು ಕೇಳಿ ಬೇಸರಪಡುತ್ತಾರೆಂದುಕೊಂಡಿದ್ದೆ. ನಿರಾಳವಾಗಿ ಉಸಿರುಬಿಟ್ಟರು.

ಸಲಹೆ ಹೀಗಿತ್ತು. ಮೂರು ವಾರ ಪಟ್ಟಿ ಕಪಾಟಿನಲ್ಲಿರಲಿ, ಪುಸ್ತಕದಲ್ಲಿ ಬರೆಯುವುದೂ ಬೇಡ. ದಿನಕ್ಕೊಮ್ಮೆ ಹನ್ನೆರಡು ನಿಮಿಷ ಸಾಕು. ಕಣ್ಣು ಅರ್ಧ ತೆರೆದಿರಲಿ, ದವಡೆ ಸಡಿಲವಿರಲಿ. ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದು ತುಸು ದೀರ್ಘವಾಗಿರಲಿ. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಹೃದಯದ ಬಡಿತ ತಾನಾಗಿ ನಿಧಾನವಾಗುತ್ತದೆ. ಅದಕ್ಕೆ ಅಂಕ ಬೇಕಿಲ್ಲ, ನಾಡಿಯ ಮೇಲೆ ಬೆರಳಿಟ್ಟರೆ ತಿಳಿಯುತ್ತದೆ. ಮನಸ್ಸು ಓಡಿಹೋಯಿತೆಂದು ಗೊತ್ತಾದ ಆ ಕ್ಷಣವನ್ನು ಅವರು ಸೋಲೆಂದು ಬರೆದುಕೊಳ್ಳುತ್ತಿದ್ದರು. ಗೊತ್ತಾಗಿ ಹಿಂದಿರುಗುವುದೇ ಅಭ್ಯಾಸ. ಮೂವತ್ತು ಸಲ ಓಡಿದರೆ ಮೂವತ್ತು ಸಲ ಅಭ್ಯಾಸವಾಯಿತು. 1970ರ ದಶಕದಲ್ಲಿ ದೇಹದ ವಿಶ್ರಾಂತಿ ಪ್ರತಿಕ್ರಿಯೆಯನ್ನು, ಅಂದರೆ ಒತ್ತಡ ಇಳಿದು ದೇಹ ಶಾಂತವಾಗುವ ಬಗೆಯನ್ನು, ವಿವರಿಸಿದ ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ ಕೂಡ ಉಸಿರಿನ ಮೇಲೆ ಗಮನ ಅಥವಾ ಒಂದೇ ಪದದ ಪುನರುಚ್ಚಾರದ ಜೊತೆಗೆ, ‘ಯೋಚನೆ ಬಂದರೆ ಬರಲಿ’ ಎಂಬ ಉದಾಸೀನವೂ ಬೇಕೆಂದಿದ್ದರು. ಶ್ರೀಧರ ಉಸಿರಿನ ಮೇಲಿನ ಗಮನವನ್ನಷ್ಟೇ ಇಟ್ಟುಕೊಂಡು ಉದಾಸೀನವನ್ನು ಬಿಟ್ಟಿದ್ದರು. ತನ್ನನ್ನೇ ಕಾಯುವ ಕಾವಲುಗಾರನಿಗೆ ನಿದ್ದೆ ಎಲ್ಲಿಂದ ಬರಬೇಕು?

ಇನ್ನೊಂದು ಎಚ್ಚರಿಕೆಯನ್ನೂ ಹೇಳಿದೆ. ಕೆಲವರಿಗೆ ಮೈ ಸಡಿಲವಾಗುತ್ತಿದ್ದಂತೆಯೇ ಗಾಬರಿ ಏರುತ್ತದೆ. ಹಾಗಾದರೆ ಹಟ ಹಿಡಿದು ಕೂರಬಾರದು: ಕಣ್ಣು ತೆರೆಯಿರಿ, ಅಂಗಾಲು ನೆಲಕ್ಕೆ ಒತ್ತಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ನಾಲ್ಕಕ್ಕೆ ಎಚ್ಚರವಾದರೆ ಹಾಸಿಗೆಯಲ್ಲಿ ಧ್ಯಾನ ಬೇಡ, ಎದ್ದು ಮಂದ ಬೆಳಕಿನಲ್ಲಿ ಏನಾದರೂ ಓದಿ.

ಮೊದಲ ವಾರ ಕದ್ದು ಎರಡು ಸಲ ಪಟ್ಟಿ ಕಟ್ಟಿಕೊಂಡರಂತೆ. ತಾವಾಗಿ ಹೇಳಿದರು, ನಾನೇನೂ ಗದರಲಿಲ್ಲ. ಮೂರನೆಯ ವಾರಕ್ಕೆ ಕತ್ತಿನ ಬಿಗಿ ಇಳಿದಿತ್ತು. ಬೆಳಗಿನ ಜಾವದ ಎಚ್ಚರ ಮಾತ್ರ ವಾರಕ್ಕೆರಡು ದಿನ ಉಳಿದುಕೊಂಡಿತ್ತು.

ಐದನೆಯ ಭೇಟಿಯಲ್ಲಿ ನೋಟ್‌ಪುಸ್ತಕದ ಮೊದಲ ಪುಟದ ದಿನಾಂಕ ನೋಡಿ, “ಆ ವಾರ ಮನೆಯಲ್ಲಿ ಏನು ನಡೆದಿತ್ತು?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಅವರ ಅಣ್ಣನಿಗೆ ಪಾರ್ಶ್ವವಾಯು ಬಡಿದು ಆಗ ಹನ್ನೊಂದು ದಿನವಾಗಿತ್ತು. ಊಟಕ್ಕೆ ಕುಳಿತಿದ್ದಾಗ ಅಣ್ಣನ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾದದ್ದನ್ನು ಎದುರಿಗೆ ಕುಳಿತು ನೋಡಿದವರು ಇವರು. “ನನ್ನ ತಲೆಯೊಳಗೂ ಏನಾದರೂ ಶುರುವಾದರೆ ಮೊದಲೇ ಗೊತ್ತಾಗಲಿ ಎಂದು...” ಎಂದವರು ಮಾತು ಮುಗಿಸಲಿಲ್ಲ.

ಆ ಪಟ್ಟಿಗೆ ಪಾರ್ಶ್ವವಾಯುವಿನ ಮುನ್ಸೂಚನೆ ಸಿಗುವುದಿಲ್ಲವೆಂದು ನೇರವಾಗಿಯೇ ಹೇಳಿದೆ. ಕಣ್ಣಿಡಬೇಕಾದದ್ದು ರಕ್ತದೊತ್ತಡದ ಮೇಲೆ, ಅದೂ ವೈದ್ಯರು ಹೇಳಿದಷ್ಟೇ ಸಲ, ದಿನಕ್ಕೆ ಹತ್ತು ಬಾರಿಯಲ್ಲ. ಉಳಿದ ಹೊತ್ತೆಲ್ಲ ಅವರು ಅಣ್ಣನ ಬಗ್ಗೆ ಮಾತನಾಡಿದರು. ಮುಂದಿನ ಭೇಟಿಗೆ ಅಣ್ಣನನ್ನೂ ಕರೆತರಬಹುದೇ ಎಂದು ಕೇಳಿದ್ದಾರೆ. ಕರೆತನ್ನಿ ಎಂದಿದ್ದೇನೆ.