ಇಳಕಲ್ ಸೀರೆ ಮಾರುವ ನಮ್ಮ ಸಣ್ಣ ವೆಬ್‌ಸೈಟ್‌ಗೆ ಗೂಗಲ್ ಜಾಹೀರಾತಿಗೆ ತಿಂಗಳಿಗೆ ₹5,000 ಸಾಕೇ?

ಶುರು ಮಾಡೋಕೆ ಸಾಕು. ಆದರೆ ಬರೀ "ಸೀರೆ" ಅನ್ನೋ ಪದಕ್ಕೆ ದುಡ್ಡು ಹಾಕಬೇಡಿ, ಅಲ್ಲಿ ದೊಡ್ಡ ಅಂಗಡಿಗಳ ಜೊತೆ ಹರಾಜಿಗೆ ನಿಂತ ಹಾಗೆ. "ಟೋಪ್ ತೆನಿ ಸೆರಗಿನ ಇಳಕಲ್ ಸೀರೆ" ಅಂತ ಹುಡುಕುವವರು ಕಡಿಮೆ, ಆದರೆ ತಮಗೇನು ಬೇಕು ಅಂತ ಅವರಿಗೆ ಗೊತ್ತಿರುತ್ತೆ. ಅಂಥ ಪದಗಳನ್ನೇ ಹಿಡೀರಿ.

ಗೂಗಲ್ ಆ್ಯಡ್ಸ್‌ನಲ್ಲಿ ಕೀವರ್ಡನ್ನು, ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಬರಬೇಕೋ ಆ ಪದವನ್ನು, ಸುಮ್ಮನೆ ಬರೆದರೆ ಅದು ಬ್ರಾಡ್ ಮ್ಯಾಚ್. ಸಂಬಂಧ ಇದೆ ಅನ್ನಿಸಿದ ಹುಡುಕಾಟಕ್ಕೆಲ್ಲ ಜಾಹೀರಾತು ಹೋಗುತ್ತೆ. ಉದ್ಧರಣ ಚಿಹ್ನೆಯೊಳಗೆ (" ") ಬರೆದರೆ ಫ್ರೇಸ್ ಮ್ಯಾಚ್, ಆ ಪದಗಳ ಅರ್ಥ ಒಳಗೊಂಡ ಹುಡುಕಾಟಕ್ಕೆ ಹೋಗುತ್ತೆ; ಚೌಕ ಆವರಣದೊಳಗೆ ([ ]) ಬರೆದರೆ ಎಕ್ಸಾಕ್ಟ್ ಮ್ಯಾಚ್, ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ. ಈ ಎರಡರಿಂದಲೇ ಶುರು ಮಾಡಿ. ಆಮೇಲೆ ವಾರಕ್ಕೊಮ್ಮೆ ಸರ್ಚ್ ಟರ್ಮ್ಸ್ ವರದಿ (ಜನ ಏನು ಹುಡುಕಿದಾಗ ನಿಮ್ಮ ಜಾಹೀರಾತು ಬಂತು ಅನ್ನೋ ಪಟ್ಟಿ) ತೆರೆದು ಒಂದೊಂದು ಸಾಲೂ ಓದಿ. "ಇಳಕಲ್ ಸೀರೆ ಉಡುವುದು ಹೇಗೆ", "ಇಳಕಲ್ ಸೀರೆ ಫೋಟೋ" ಅಂತ ಹುಡುಕಿದವರ ಕ್ಲಿಕ್ಕಿಗೂ ನೀವೇ ದುಡ್ಡು ಕೊಟ್ಟಿರ್ತೀರಿ. "ಉಡುವುದು", "ಫೋಟೋ" ಎರಡನ್ನೂ ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿ, ಆ ಪದ ಇರುವ ಹುಡುಕಾಟಕ್ಕೆ ಜಾಹೀರಾತು ಹೋಗದ ಹಾಗೆ. ದಯವಿಟ್ಟು ಈ ಕೆಲಸ ಬಿಡಬೇಡಿ, ದುಡ್ಡು ಸೋರುವುದೇ ಇಲ್ಲಿ.

ಕ್ಲಿಕ್ಕಿಗೆ ₹8 ಬಿದ್ದು, 50 ಕ್ಲಿಕ್ಕಿಗೆ ಒಂದು ಸೀರೆ ಹೋಯಿತು ಅಂದುಕೊಳ್ಳಿ. ಒಂದು ಮಾರಾಟಕ್ಕೆ ಜಾಹೀರಾತಿನ ಖರ್ಚೇ ₹400. ಸೀರೆಯಲ್ಲಿ ಉಳಿಯುವುದು ₹350 ಆದರೆ ಜಾಹೀರಾತು ನಿಲ್ಲಿಸಿ ಮೊದಲು ಪುಟ ಸರಿಮಾಡಿ: ಬೆಲೆ, ಉದ್ದ, ಸೆರಗನ್ನು ಹತ್ತಿರದಿಂದ ತೆಗೆದ ಫೋಟೋ, ಕ್ಯಾಶ್ ಆನ್ ಡೆಲಿವರಿ ಇದೆಯೋ ಇಲ್ಲವೋ.