ಭೋಸರಿಯಿಂದ ವಿಮಾನ ಬಿಡಿಭಾಗಗಳ ರಫ್ತು: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಪುಣೆಯ ಭೋಸರಿಯಲ್ಲಿರುವ ನಿಮ್ಮ ವರ್ಕ್‌ಶಾಪಿಗೆ ಎಎಸ್ 9100 (ವಿಮಾನ ಉದ್ಯಮದ ಗುಣಮಟ್ಟ ನಿರ್ವಹಣೆಯ ಮಾನದಂಡ) ಪ್ರಮಾಣಪತ್ರ ದೊರೆತರೆ ವಿದೇಶಿ ವಿಮಾನ ತಯಾರಿಕಾ ಕಂಪನಿಗಳ ಆರ್ಡರುಗಳು ತಾವಾಗಿಯೇ ಬರುತ್ತವೆಯೇ ಎಂದು ಕೇಳಿದ್ದೀರಿ. ಬರುವುದಿಲ್ಲ. ಅದಿಲ್ಲದಿದ್ದರೆ ಸಾಮಾನ್ಯವಾಗಿ ನಿಮ್ಮ ಕೊಟೇಶನ್ನನ್ನೇ ಅವರು ಪರಿಗಣಿಸುವುದಿಲ್ಲ, ಅಷ್ಟೇ. ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ ತಣಿಸಿ ಹದಗೊಳಿಸುವುದು), ಅನೋಡೈಸಿಂಗ್ (ಲೋಹದ ಮೇಲ್ಮೈಗೆ ರಕ್ಷಣಾ ಪದರ ಕೊಡುವುದು) ಹೊರಗೆ ಮಾಡಿಸಿದರೂ ಆ ಘಟಕಕ್ಕೆ ನ್ಯಾಡ್‌ಕ್ಯಾಪ್, ಅಂದರೆ ಇಂತಹ ವಿಶೇಷ ಪ್ರಕ್ರಿಯೆಗಳಿಗೆ ವಿಮಾನ ಉದ್ಯಮ ನೀಡುವ ಮಾನ್ಯತೆ, ಇದೆಯೇ ಎಂದು ದೊಡ್ಡ ಖರೀದಿದಾರರು ಕೇಳುತ್ತಾರೆ.

ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದದ್ದು ಕಚ್ಚಾವಸ್ತುವಿನ ಪ್ರಶ್ನೆ. ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ 2022ರ ಮಾರ್ಚಿನಲ್ಲಿ ಬೋಯಿಂಗ್ ರಷ್ಯಾದ ಟೈಟಾನಿಯಂ ಖರೀದಿಯನ್ನು ನಿಲ್ಲಿಸಿತು. ಹೀಗೆ ಒಂದು ಮೂಲ ಇದ್ದಕ್ಕಿದ್ದಂತೆ ಮುಚ್ಚಿಹೋಗಬಹುದು. ಪ್ರತಿಯೊಂದು ಸರಳಿನ ಹೀಟ್ ನಂಬರನ್ನು (ಲೋಹ ಕರಗಿಸಿದ ತಂಡದ ಸಂಖ್ಯೆ) ಮಿಲ್ ಸರ್ಟಿಫಿಕೇಟಿನಿಂದ (ಲೋಹ ತಯಾರಕರು ಕೊಡುವ ಪರೀಕ್ಷಾ ಪತ್ರ) ಸಿದ್ಧ ಭಾಗದವರೆಗೂ ದಾಖಲಿಸಬೇಕಾದ ಈ ವ್ಯಾಪಾರದಲ್ಲಿ ಹೊಸ ಪೂರೈಕೆದಾರನಿಗೆ ಗ್ರಾಹಕನ ಅನುಮೋದನೆ ಸಿಗಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ದರ ಕೊಂಚ ಹೆಚ್ಚಾದರೂ ಸರಿ, ಎರಡನೆಯ ಮೂಲಕ್ಕೆ ಈಗಲೇ ಅನುಮೋದನೆ ಪಡೆದಿಟ್ಟುಕೊಳ್ಳಿ.