ಮೇಜ್ ಆರ್ಮರ್ ತಾಯಿತಕ್ಕೆ 2000 ನಾಣ್ಯ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ, ಪಾತ್ರ ವಹಿಸಿ ದಾಳ ಹಾಕುವ ಆಟದ ಮೂರೂವರೆ ಆವೃತ್ತಿ ಆಡಿಸ್ತಿದ್ದೀರಿ. ಆರನೇ ಲೆವೆಲ್ಲಿನ ಮಾಂತ್ರಿಕನಿಗೆ, ಕೊರಳಿಗೆ ಕಟ್ಟಿಕೊಂಡರೆ ಮೇಜ್ ಆರ್ಮರ್ ಅನ್ನೋ ಕವಚದ ಸ್ಪೆಲ್ (ಮಂತ್ರ) ಸದಾ ಇರುವಂಥ ತಾಯಿತ ಬೇಕಂತೆ. ಡಿಎಂ, ಅಂದರೆ ಆಟ ನಡೆಸುವವರ ಗೈಡಿನ ಸೂತ್ರ ಹಾಕಿದರೆ 2000 ಚಿನ್ನದ ನಾಣ್ಯ ಬರುತ್ತೆ. ಅಷ್ಟೇ ಎಸಿ (ಆರ್ಮರ್ ಕ್ಲಾಸ್, ಏಟು ತಾಗಿಸೋಕೆ ವೈರಿ ಮುಟ್ಟಬೇಕಾದ ಅಂಕ) ಕೊಡುವ ಮುಂಗೈ ಪಟ್ಟಿ, +4 ಬ್ರೇಸರ್ಸ್ ಆಫ್ ಆರ್ಮರ್‌ಗೆ ಅದೇ ಪುಸ್ತಕದಲ್ಲಿ 16,000. ಯಾವುದು ಸರಿ, ಅವನೇ ತಯಾರಿಸಿಕೊಂಡರೆ ಎಷ್ಟು?

16,000 ಕಣ್ರಿ. ಸ್ಪೆಲ್ ಲೆವೆಲ್ ಗುಣಿಸು ಕ್ಯಾಸ್ಟರ್ ಲೆವೆಲ್ (ಸ್ಪೆಲ್ ಹಾಕುವ ಶಕ್ತಿಯ ಮಟ್ಟ, ಇಲ್ಲಿ ಎರಡೂ 1) ಗುಣಿಸು 2000 ಅನ್ನೋ ಆ ಸೂತ್ರ ಅಂದಾಜಿಗೆ ಮಾತ್ರ. ಅಂಥದ್ದೇ ವಸ್ತು ಮೊದಲೇ ಇದ್ದರೆ ಅದರ ಬೆಲೆ ನೋಡಿ ಅಂತ ಆ ಗೈಡೇ ಹೇಳುತ್ತೆ. ಆಟಗಾರರು ಈ ಸಾಲನ್ನು ಬಿಟ್ಟು ಬರೀ ಕೋಷ್ಟಕದ ಫೋಟೋ ಕಳಿಸ್ತಾರೆ.

ನಾನೂ ಹಾಗೇ ಮೋಸ ಹೋದವನು. ದಾವಣಗೆರೆಯಲ್ಲಿ ಕಾಲೇಜಿನ ಹಳೇ ಗೆಳೆಯರು ಐದು ಜನ ಭಾನುವಾರ ಸಂಜೆ ವಿದ್ಯಾನಗರದ ನಮ್ಮ ಮನೆ ಮಹಡಿ ಮೇಲೆ ಸೇರ್ತೀವಿ. ನಮ್ಮ ಮಾಂತ್ರಿಕ ಕೇಳಿದ್ದು ಶೀಲ್ಡ್, ಅಂದರೆ ಕಾಣದ ಗುರಾಣಿಯ ಸ್ಪೆಲ್ ಸದಾ ಇರುವ ಬಳೆ. ಆ ಸ್ಪೆಲ್ ನಿಮಿಷಗಳ ಲೆಕ್ಕದಲ್ಲಿ ನಿಲ್ಲೋದರಿಂದ ಸೂತ್ರದಲ್ಲಿ ಎರಡರಿಂದ ಗುಣಿಸಬೇಕು. 4000 ಆಯ್ತು, ಹೂಂ ಅಂದುಬಿಟ್ಟೆ.

ಮುಂದಿನ ವಾರವೇ ಓಗರ್ ಅನ್ನೋ ರಾಕ್ಷಸ ಬಂತು. ಮಾಂತ್ರಿಕನ ಎಸಿ ಲೆಕ್ಕ ಹಾಕಿ: ಹತ್ತು, ಡೆಕ್ಸ್ (ಚುರುಕುತನ) ಮೂರು, ತಾನೇ ಹಾಕಿಕೊಂಡ ಮೇಜ್ ಆರ್ಮರ್ ನಾಲ್ಕು, ಬಳೆ ನಾಲ್ಕು, ರಿಂಗ್ ಆಫ್ ಪ್ರೊಟೆಕ್ಷನ್ (ರಕ್ಷಣೆಯ ಉಂಗುರ) ಒಂದು. ಒಟ್ಟು 22. ಫುಲ್ ಪ್ಲೇಟ್ ತೊಟ್ಟು ದೊಡ್ಡ ಉಕ್ಕಿನ ಗುರಾಣಿ ಹಿಡಿದ ಫೈಟರ್‌ನದು 21. ಓಗರ್‌ಗೆ ಏಟಿನ ಬೋನಸ್ +8. ಕಬ್ಬಿಣದ ಮನುಷ್ಯನಿಗೆ ತಾಗಿಸೋಕೆ ಇಪ್ಪತ್ತು ಮುಖದ ದಾಳದಲ್ಲಿ 13 ಸಾಕು, ನಿಲುವಂಗಿಯವನಿಗೆ 14 ಬೇಕು! ಫೈಟರ್ ಆಡುವವನು ದಾಳ ಕೆಳಗಿಟ್ಟ. “ನಾನು ಇಪ್ಪತ್ತಡಿ ನಡಿಯೋಷ್ಟರಲ್ಲಿ ಇವ್ನು ಮೂವತ್ತಡಿ ಓಡ್ತಾನೆ, ಎಸಿನೂ ನನಗಿಂತ ಒಂದು ಜಾಸ್ತಿ. ನನ್ನ ಕಬ್ಬಿಣನೆಲ್ಲ ಗುಜರಿಗೆ ಹಾಕ್ಲೇನಪಾ?” ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಗೈಡ್ ತೆಗೆದು ನೋಡಿದೆ. ರಿಂಗ್ ಆಫ್ ಫೋರ್ಸ್ ಶೀಲ್ಡ್ ಬರೀ +2 ಕೊಡುತ್ತೆ, ಅದಕ್ಕೇ 8500. ನನ್ನ ಬಳೆ +4 ಕೊಡುತ್ತಿತ್ತು, ಕೈ ಖಾಲಿ ಇರುತ್ತಿತ್ತು, ಮೇಲಿಂದ ಮ್ಯಾಜಿಕ್ ಮಿಸೈಲ್ ಅನ್ನೋ ದಾಳಿಯ ಸ್ಪೆಲ್ ತಡೆಯೋದು ಪುಕ್ಕಟೆ. ಮಂಡಕ್ಕಿ-ಮೆಣಸಿನಕಾಯಿ ತರಿಸಿ ಎಲ್ಲರನ್ನೂ ಕೂರಿಸಿಕೊಂಡು ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ಬಳೆಯನ್ನು ದಿನಕ್ಕೆ ಮೂರು ಸಲ, ಮಾತು ಹೇಳಿ ಎಬ್ಬಿಸುವ ವಸ್ತು ಮಾಡಿದೆವು. 1800ಕ್ಕೆ ಐದರಲ್ಲಿ ಮೂರು ಪಾಲು, 1080. ಮಿಕ್ಕ 2920 ನಾಣ್ಯ ವಾಪಸ್. ಈಗ ಪ್ರತಿ ಸಲ ಒಂದೇ ನಿಮಿಷ ನಿಲ್ಲುತ್ತೆ, ಎಬ್ಬಿಸೋಕೆ ಅವನ ಆ ಸರದಿಯ ಆಕ್ಷನ್ ಹೋಗುತ್ತೆ. ಫೈಟರ್ ಮತ್ತೆ ಮುಂದೆ ನಿಲ್ಲತೊಡಗಿದ.

ಬೆಲೆಗಳು ಯಾಕೆ ಹಾಗೆ ಏರುತ್ತವೆ ಅನ್ನೋದು ಗೊತ್ತಿದ್ದರೆ ಇಂಥ ಬೇಡಿಕೆಗಳನ್ನು ನಿಭಾಯಿಸೋದು ಸುಲಭ. ರಿಂಗ್ ಆಫ್ ಪ್ರೊಟೆಕ್ಷನ್ +1ಕ್ಕೆ 2000, +2ಕ್ಕೆ 8000, +3ಕ್ಕೆ 18,000. ಬೋನಸ್ಸನ್ನು ಅದರಿಂದಲೇ ಗುಣಿಸಿ ಮತ್ತೆ 2000ದಿಂದ ಗುಣಿಸಿದ್ದು, ಬ್ರೇಸರ್ಸ್‌ಗೆ 1000ದಿಂದ. ವೈರಿಗೆ 6 ಬೇಕಿದ್ದದ್ದು 7 ಆದರೆ, ಇಪ್ಪತ್ತಕ್ಕೆ ಹದಿನೈದು ಸಲ ಬೀಳುತ್ತಿದ್ದ ಏಟು ಹದಿನಾಲ್ಕು ಸಲ ಬೀಳುತ್ತೆ, ಅಷ್ಟೇ. ಅದೇ 19 ಬೇಕಿದ್ದದ್ದು 20 ಆದರೆ ಏಟು ಅರ್ಧಕ್ಕರ್ಧ ಇಳಿಯಿತು. ಒಂದೇ ಒಂದು ಪಾಯಿಂಟು, ಆದರೆ ಮೇಲೆ ಹೋದಷ್ಟೂ ತೂಕ ಜಾಸ್ತಿ. ಹಾಗಾಗಿ ಜಾಣರು ಒಂದೇ ಉಂಗುರಕ್ಕೆ ಸುರಿಯೋಲ್ಲ. +1 ಉಂಗುರ, +1 ಅಮ್ಯುಲೆಟ್ ಆಫ್ ನ್ಯಾಚುರಲ್ ಆರ್ಮರ್ (ಚರ್ಮ ಗಟ್ಟಿಮಾಡುವ ತಾಯಿತ), +1 ಬ್ರೇಸರ್ಸ್ ಸೇರಿ 5000ಕ್ಕೆ ಮೂರು ಎಸಿ ಸಿಗುತ್ತೆ.

ಅವು ಕೂಡೋದು ಮೂರರ ಬೋನಸ್ ಜಾತಿ ಬೇರೆ ಬೇರೆ ಅನ್ನೋ ಕಾರಣಕ್ಕೆ. ಒಂದೇ ಜಾತಿಯವು ಕೂಡಲ್ಲ, ಎರಡು ಛತ್ರಿ ಹಿಡಿದ ಹಾಗೆ, ದೊಡ್ಡದೊಂದೇ ಲೆಕ್ಕ. ಡಾಡ್ಜ್ (ಏಟು ತಪ್ಪಿಸಿಕೊಳ್ಳುವ) ಬೋನಸ್ ಇದಕ್ಕೆ ಹೊರತು. ಕ್ಲೆರಿಕ್ (ಪೂಜಾರಿ ಪಾತ್ರ) ಶೀಲ್ಡ್ ಆಫ್ ಫೇತ್ ಸ್ಪೆಲ್ ಹಾಕಿ +2 ಕೊಟ್ಟರೆ +1 ಉಂಗುರ ಸುಮ್ಮನೆ ಬೆರಳಲ್ಲಿರುತ್ತೆ. ಎರಡೂ ಡಿಫ್ಲೆಕ್ಷನ್, ಅಂದರೆ ಏಟನ್ನು ಪಕ್ಕಕ್ಕೆ ಸರಿಸುವ ಜಾತಿ ತಾನೇ. ನಿಮ್ಮ ಮಾಂತ್ರಿಕನ ತಾಯಿತವೂ ಅಷ್ಟೇ, ಬ್ರೇಸರ್ಸ್ ಜೊತೆ ಕೂಡೋಲ್ಲ. ಇದನ್ನು ಅವನಿಗೆ ಮೊದಲೇ ಹೇಳಿಬಿಡಿ.

ಡಿಫ್ಲೆಕ್ಷನ್‌ಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳು ಸುತ್ತು ಗೋಡೆ ಇದ್ದೂ ಹೈದರಾಲಿಯ ಸೈನಿಕರು ನುಸುಳಿದ್ದು ಕಿಂಡಿಯಲ್ಲಿ. ಅಲ್ಲಿ ಕೆಲಸಕ್ಕೆ ಬಂದದ್ದು ಓಬವ್ವನ ಒನಕೆ. ಟಚ್ ಅಟ್ಯಾಕ್, ಅಂದರೆ ಬರೀ ಮೈ ತಾಗಿದರೆ ಸಾಕು ಅನ್ನೋ ದಾಳಿ, ಆ ಕಿಂಡಿ. ಕವಚ, ಗುರಾಣಿ, ನ್ಯಾಚುರಲ್ ಆರ್ಮರ್ ಅಲ್ಲಿ ಲೆಕ್ಕಕ್ಕಿಲ್ಲ, ಡಿಫ್ಲೆಕ್ಷನ್ ಉಂಟು. ನಮ್ಮ 22 ಎಸಿ ಮಾಂತ್ರಿಕನ ಟಚ್ ಎಸಿ ಬರೀ 14. ಆದರೆ ಅವನಿಗೆ ಬುದ್ಧಿ ಕಲಿಸೋಕೆ ಅಂತ ಪ್ರತಿ ವಾರ ಟಚ್ ಅಟ್ಯಾಕಿನ ವೈರಿಗಳನ್ನೇ ತರಬೇಡಿ. ಎರಡನೇ ವಾರಕ್ಕೇ ಗೊತ್ತಾಗುತ್ತೆ, ಜಗಳ ಆಗುತ್ತೆ.

ಹೊಸ ಐದನೇ ಆವೃತ್ತಿಗೆ ಹೋದರೆ ಈ ತಲೆನೋವು ಇಲ್ಲ ಅಂತ ಯಾರಾದರೂ ಹೇಳಬಹುದು. ಅಲ್ಲಿ ಒಬ್ಬ ಮೂರೇ ವಸ್ತುಗಳಿಗೆ ಅಟ್ಯೂನ್ ಆಗಬಹುದು (ಮಾಂತ್ರಿಕ ನಂಟು ಬೆಸೆಯಬಹುದು) ಅನ್ನೋದು ಒಳ್ಳೇ ಕಡಿವಾಣ, ಒಪ್ತೀನಿ. ಬೆಲೆ ಮಾತ್ರ 2014ರ ಗೈಡಿನಲ್ಲಿ ಇನ್ನೂ ಗೋಜಲು: ರಕ್ಷಣೆಯ ಉಂಗುರ, ರಕ್ಷಣೆಯ ಕ್ಲೋಕ್ ಎರಡೂ ಕೊಡೋದು ಎಸಿಗೂ ಸೇವಿಂಗ್ ಥ್ರೋಗೂ (ಮಂತ್ರ, ವಿಷದಂಥವನ್ನು ತಡೆಯೋಕೆ ಹಾಕುವ ದಾಳ) ಅದೇ +1. ಆದರೂ ಉಂಗುರ ರೇರ್, 501ರಿಂದ 5000. ಕ್ಲೋಕ್ ಅನ್‌ಕಾಮನ್, 101ರಿಂದ 500.

ಇನ್ನು ನಿಮ್ಮ ಮಾಂತ್ರಿಕನ ವಿಷಯ. ನಿಜ ಹೇಳಬೇಕೆಂದರೆ ಅವನಿಗೆ ಈ ತಾಯಿತ ಬೇಕಾಗೇ ಇಲ್ಲ. ಆರನೇ ಲೆವೆಲ್ಲಲ್ಲಿ ಅವನೇ ಹಾಕಿದ ಮೇಜ್ ಆರ್ಮರ್ ಆರು ಗಂಟೆ ನಿಲ್ಲುತ್ತೆ. ಮೊದಲ ಲೆವೆಲ್ಲಿನ ಪರ್ಲ್ ಆಫ್ ಪವರ್ ಅನ್ನೋ ಮಾಯಾಮುತ್ತು 1000ಕ್ಕೆ ಸಿಗುತ್ತೆ, ಹಾಕಿದ ಸ್ಪೆಲ್ಲನ್ನು ದಿನಕ್ಕೊಮ್ಮೆ ವಾಪಸ್ ಕೊಡುತ್ತೆ. ಅಲ್ಲಿಗೆ ಹನ್ನೆರಡು ಗಂಟೆ ಆಯ್ತು. 2000ದ ತಾಯಿತ ಹೊರಬಂದರೆ ಅದು ಮಾಂತ್ರಿಕನ ಕೊರಳಲ್ಲಿ ಉಳಿಯಲ್ಲ, ಕವಚ ತೊಡದೆ ಹೊಡೆದಾಡುವ ಮಾಂಕ್ ಪಾತ್ರ ಆಡುವವರು ಮಾರನೇ ದಿನವೇ ನನಗೂ ಒಂದು ಅಂತಾರೆ.

ಆದರೂ ಹಟ ಹಿಡಿದು ತಾನೇ ತಯಾರಿಸ್ತೀನಿ ಅಂದರೆ, ಕ್ರಾಫ್ಟ್ ವಂಡ್ರಸ್ ಐಟಂ ಫೀಟ್ (ಮಾಯಾವಸ್ತು ತಯಾರಿಸುವ ವಿಶೇಷ ಕೌಶಲ) ಇದೆಯಾ ಕೇಳಿ. 16,000ದ ಅರ್ಧ 8000 ನಾಣ್ಯ, ಇಪ್ಪತ್ತೈದರಲ್ಲಿ ಒಂದು ಪಾಲು ಎಕ್ಸ್‌ಪಿ (ಅನುಭವದ ಅಂಕ) ಅಂದರೆ 640, ಸಾವಿರಕ್ಕೊಂದು ದಿನದಂತೆ ಹದಿನಾರು ದಿನ. ಆರನೇ ಲೆವೆಲ್ಲಿನವನ ಒಟ್ಟು ಆಸ್ತಿಯೇ 13,000 ಇರಬೇಕು ಅನ್ನುತ್ತೆ ಗೈಡು. ಆ ಹದಿನಾರು ದಿನ ಊರಲ್ಲೇ ಕೂತಿರೋಕೆ ಉಳಿದವರು ಒಪ್ತಾರಾ ಅಂತ ಅವನೇ ಮೇಜಿನ ಮುಂದೆ ಕೇಳಲಿ.